ಆ ಮನೆ ಬಾಗಿಲು ಮೂಡಕ್ಕಿತ್ತು

ಅದ್ಭುತ ಕಾದಂಬರಿ ಬರೆಯುವವರು ಮುಳುಗಡೆ ಸೀಮೆಯಲ್ಲಿ ಹುಟ್ಟಬಾರದು. ಇಲ್ಲಿ ಕಲ್ಪನೆಯನ್ನು ಕಲ್ಪನೆ ಎಂದು ಯಾರೂ ಒಪ್ಪುವುದಿಲ್ಲ. ನನ್ನ ಕಾದಂಬರಿಯಲ್ಲಿ ಶರಾವತಿ ಹಿನ್ನೀರಿನಡಿ ಒಂದು ಊರು ಇನ್ನೂ ಬದುಕಿದೆ. ಅಲ್ಲಿಯವರು ಅಡಿಕೆ ಸುಲಿಯುತ್ತಾರೆ, ಸಂಜೆ ದೀಪ ಹಚ್ಚುತ್ತಾರೆ. ಮುದಿ ಮೀನೊಂದು ಜಗಲಿಯಲ್ಲಿ ಕೂತು ಕವಳ ಹಾಕುತ್ತದೆ. ಇಷ್ಟಾದ ಮೇಲೂ ಇದು ಯಾರ ಮನೆ ಎಂದು ಕೇಳುವವರಿರುತ್ತಾರೆಂದು ನಾನು ಎಣಿಸಿರಲಿಲ್ಲ.

ಹಿನ್ನೀರಿಗೆ ಸೇತುವೆ ಇನ್ನೂ ಆಗಿರಲಿಲ್ಲ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಿದ್ದಾಗ ತುಮರಿ ಕಡೆಯ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಪುಸ್ತಕ ಓದಿದ್ದರು. ಮೀನಿನ ಬಗ್ಗೆ ಚಕಾರವಿಲ್ಲ.

"ಎಲ್ಲಾ ಸರಿ ಬರ್ದೀರಿ ಮಾರಾಯ್ರೆ, ಆದ್ರೆ ಆ ಮನೆ ಬಾಗ್ಲು ಮೂಡಕ್ಕಿತ್ತು. ನೀವು ಬಡಗಕ್ಕೆ ಇಟ್ಟೀರಿ."

ಅಂಥ ಮನೆಯೇ ಇರಲಿಲ್ಲ, ನಾನು ಕಟ್ಟಿದ್ದು ಎಂದೆ. ಅವರು ಕನಿಕರದಿಂದ ನೋಡಿದರು. "ಇತ್ತು. ನಮ್ಮನ್ನೆಲ್ಲ ಲಾರಿ ಹತ್ತಿಸಿದ್ಮೇಲೆ ಅಮ್ಮ ವಾಪಸ್ ಹೋಗಿ ಚಿಲಕ ಹಾಕಿ ಬಂದ್ಲು."

ಮುಳುಗುವ ಮನೆಗೆ ಚಿಲಕ! ನನ್ನ ಇನ್ನೂರು ಪುಟದಲ್ಲಿ ಇದಕ್ಕೆ ಸಮನಾದದ್ದು ಒಂದೂ ಇಲ್ಲ.

ಸಾಗರದ ನಾ. ಡಿಸೋಜರು ಮುಳುಗಡೆಯವರ ಪಾಡನ್ನು ಕಣ್ಣಾರೆ ಕಂಡು ‘ದ್ವೀಪ’ ಬರೆದರು. ಅವರನ್ನು ಬಾಗಿಲ ದಿಕ್ಕು ಕೇಳಿದ್ದರೆ ಅರ್ಥವಿತ್ತು. ನನ್ನನ್ನೇಕೆ? ಬೆಂಗಳೂರಿನ ಗೋಷ್ಠಿಯೊಂದರಲ್ಲಿ ಅದೇ ಮೀನು ಅಭಿವೃದ್ಧಿಯ ರೂಪಕವಾಯಿತು, ಕವಳದ ಕೆಂಪು ಕ್ರಾಂತಿಯಾಯಿತು. ಹೊಗಳಿಕೆಯೇ ಇರಬೇಕು, ಶಾಲು ಹೊದಿಸಿದರು. ಆದರೂ ನನಗೆ ಸಿಟ್ಟು ಬಂದದ್ದು ಅಲ್ಲೇ. ತುಮರಿಯವರು ನನ್ನ ಊರಿಗೆ ಇಳಿದಾದರೂ ನೋಡಿದ್ದರು. ಇವರು ದಡದಲ್ಲೇ ನಿಂತು ಅರ್ಥ ಹೇಳಿದರು.

ತೇಜಸ್ವಿಯವರದು ಉಲ್ಟಾ ಪಾಡು. ಕುಪ್ಪಳಿಯ ಮಗ ಮೂಡಿಗೆರೆಯಲ್ಲಿದ್ದುಕೊಂಡು 1980ರಲ್ಲಿ ‘ಕರ್ವಾಲೊ’ ತಂದರು. ಅದರಲ್ಲಿನ ಹಾರುವ ಓತಿಯನ್ನು ನನ್ನ ಬಯಲುಸೀಮೆಯ ಗೆಳೆಯರು ಶುದ್ಧ ಕಟ್ಟುಕತೆ ಎಂದೇ ತಿಳಿದಿದ್ದರು. ಅದು ಪಕ್ಕೆಯ ಚರ್ಮ ಬಿಚ್ಚಿ ಅಡಿಕೆ ಮರದಿಂದ ಮರಕ್ಕೆ ತೇಲುವುದನ್ನು ನಮ್ಮ ತೋಟಗಳಲ್ಲಿ ಕೊನೆಗಾರರು ಕೊನೆ ಇಳಿಸುತ್ತಲೇ ನೋಡುತ್ತಾರೆ.

ನಿಜಕ್ಕೂ ಈ ಶರಾವತಿ ಹೊಳೆಯ ಜೊತೆ ಪೈಪೋಟಿಗಿಳಿದು ಗೆಲ್ಲುವುದು ಕಷ್ಟ. 1948ರಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1964ರಲ್ಲಿ ಲಿಂಗನಮಕ್ಕಿ ಬಂತು. ಹೊಸ ಅಣೆಕಟ್ಟಿನ ನೀರು ಹಳೆಯ ಅಣೆಕಟ್ಟನ್ನೇ ನುಂಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದು ನಿಲ್ಲುತ್ತದೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನಾನು ಇದನ್ನು ಕಾದಂಬರಿಯಲ್ಲಿ ಬರೆದಿದ್ದರೆ ಸಂಪಾದಕರು, ಸ್ವಲ್ಪ ಅತಿಯಾಯಿತು, ತೆಗೆಯಿರಿ ಎನ್ನುತ್ತಿದ್ದರು.

ಮೀನನ್ನು ಮೀನೆಂದೇ ನಂಬಿ ಓದಿದವನು ಹೊಸನಗರದ ಕಡೆಯ ಒಬ್ಬ ಹೈಸ್ಕೂಲು ಹುಡುಗ. ಶಾಲೆಯ ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ಕೇಳಿದ: "ಸಾರ್, ನೀರೊಳಗೆ ಸುಣ್ಣ ಕರಗಿ ಹೋಗಲ್ವಾ?"

ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಎರಡು ದಿನ ಅದನ್ನೇ ಯೋಚಿಸಿದೆ. ಎರಡನೇ ಮುದ್ರಣದಲ್ಲಿ ಬಾಗಿಲು ಬಡಗಕ್ಕೇ ಇದೆ. ಮೀನಿಗೆ ಮಾತ್ರ ಬಿಗಿ ಮುಚ್ಚಳದ ಒಂದು ಸುಣ್ಣದ ಡಬ್ಬಿ ಕೊಟ್ಟಿದ್ದೇನೆ.