ಒಂದು ಪೆಟ್ಟಿನ ಅಂತರ

ಬಂದಳಿಕೆಯ ತ್ರಿಮೂರ್ತಿ ನಾರಾಯಣ ದೇವಾಲಯದ ಬಳಿ ಕುಳಿತಿದ್ದಾಗ ಮೊಮ್ಮಗನು ನನಗೆ ಗಾಲ್ಫ್ ಆಟದ ಮರ್ಮವನ್ನು ತಿಳಿಸಿದನು. ಕಿರುಚೆಂಡನ್ನು ಕೋಲಿನಿಂದ ಹೊಡೆದು ಹದಿನೆಂಟು ಕುಳಿಗಳಲ್ಲಿ ಇಳಿಸಬೇಕು. ಕಡಮೆ ಪೆಟ್ಟುಗಳಲ್ಲಿ ಮುಗಿಸಿದವರಿಗೆ ಜಯ. ಅರ್ಧಮಾತ್ರೆ ಉಳಿದರೂ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಹರ್ಷವೆಂಬುದನ್ನು ಬಲ್ಲ ನನಗೆ ಈ ಲಾಘವದ ಆಟವು ಒಡನೆಯೇ ಹಿಡಿಸಿತು.

ಎಪ್ಪತ್ತರ ಆಸುಪಾಸಿನಲ್ಲಿ ಮುಗಿಸಿದರೆ ಒಳ್ಳೆಯ ಆಟವೆನ್ನುವಲ್ಲಿ, 2001ರಲ್ಲಿ ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್ 59, 2016ರಲ್ಲಿ ಅಮೆರಿಕದ ಜಿಮ್ ಫ್ಯೂರಿಕ್ 58 ಪೆಟ್ಟುಗಳಿಂದ ಸುತ್ತನ್ನು ಮುಗಿಸಿದರು. ಅದ್ಭುತವೇ ಸರಿ. ಆದರೆ ನನ್ನ ಮನಸ್ಸು ನಿಂತುದು ಬೆಂಗಳೂರಿನ ಅದಿತಿ ಅಶೋಕರ ಲೆಕ್ಕದಲ್ಲಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, 71 ಪೆಟ್ಟುಗಳು ನಿಗದಿಯಾದ ಅಂಗಳದಲ್ಲಿ, ಅವರು ನಾಲ್ಕು ದಿನ ಆಡಿದುದು 67, 66, 68, 68, ಒಟ್ಟು 269. ಚಿನ್ನ ಗೆದ್ದ ನೆಲ್ಲಿ ಕೋರ್ಡಾ 267. ಬೆಳ್ಳಿ ಕಂಚುಗಳನ್ನು ಪಡೆದವರಿಬ್ಬರೂ 268. ಒಂದೇ ಪೆಟ್ಟು ಹೆಚ್ಚಾಗಿ ಪದಕವು ತಪ್ಪಿತು.

ಅಧ್ಯಾಪಕನಾಗಿದ್ದಾಗ, ಒಂದೇ ಅಂಕದಿಂದ ಬಹುಮಾನ ತಪ್ಪಿದ ಹುಡುಗನೊಬ್ಬನಿಗೆ, “ಎರಡನೆಯವನನ್ನು ಯಾರು ನೆನೆಯುವರು?” ಎಂದಿದ್ದೆನು. ಹುರಿದುಂಬಿಸುವುದೇ ನನ್ನ ಉದ್ದೇಶವಾಗಿತ್ತು. ಆದರೆ ಅವನು ಮತ್ತೆಂದೂ ನನ್ನ ತರಗತಿಯಲ್ಲಿ ಕೈಯೆತ್ತಲಿಲ್ಲ.

“ಬೆಳ್ಳಿ ಯಾರಿಗೆ ಬಂದಿತು?” ಎಂದು ಮೊಮ್ಮಗನನ್ನು ಕೇಳಿದೆನು. ಅವನು ತಡವರಿಸಿದನು. ನಾಲ್ಕನೆಯವರ ಹೆಸರನ್ನು ಮಾತ್ರ ತಡೆಯಿಲ್ಲದೆ ಹೇಳಿದನು. ನನ್ನ ಹಳೆಯ ಮಾತು ಅಲ್ಲಿಯೇ ಸುಳ್ಳಾಯಿತು.

ಮಕ್ಕಳ ಅಂಕಪಟ್ಟಿಯನ್ನು ಕೈಗೆ ತೆಗೆದುಕೊಳ್ಳುವ ಗೃಹಸ್ಥರು ಮೊದಲು ಬಂದುದನ್ನು ನೋಡಲಿ; ಆಮೇಲೆ ತಪ್ಪಿದುದನ್ನು ಎಣಿಸಲಿ. ಆ ಹುಡುಗನು ಈಗ ಸೊರಬದಲ್ಲಿರುವನೆಂದು ಕೇಳಿದ್ದೇನೆ. ನಾಳೆ ಹೋಗಿ ಕಂಡುಬರಬೇಕು.