ಪಡಸಾಲೆಯ ಹಿರಿಯ

ಬೈಲಹೊಂಗಲದ ಆ ಮನೆಗೆ ಗಣಕಯಂತ್ರ ಬಂದದ್ದು ಕಿತ್ತೂರಿನ ಸೋದರಮಾವನಿಂದ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತಲ್ಲ, ಮಾವ ಹೊಸ ಯಂತ್ರ ಕೊಂಡು ಹಳೆಯದನ್ನು ಪದವಿ ಓದುವ ಅಕ್ಕನ ಮಗಳಿಗೆ ದಾಟಿಸಿದರು. ಮೆಮೊರಿ ಬರೀ 2 ಜಿಬಿ. ಹುಡುಗಿ ಅದಕ್ಕೆ ಲಿನಕ್ಸ್ ಹಾಕಿದಳು. ಯಂತ್ರವೇನೋ ಚಾಲೂ ಆಯಿತು. ಆದರೆ ಸವದತ್ತಿಯ ಗುಡ್ಡ ಹತ್ತುವ ಮುದುಕನ ಹಾಗೆ ಹತ್ತು ಹೆಜ್ಜೆಗೊಮ್ಮೆ ಕೂತುಬಿಡುತ್ತಿತ್ತು. ಪ್ರಾಜೆಕ್ಟ್ ವರದಿ ಒಪ್ಪಿಸಲು ಮೂರೇ ವಾರ ಉಳಿದಿತ್ತು.

"ಹತ್ತಿ ಮಾರಿದ ಮ್ಯಾಲೆ ಹೊಸಾದ ತರೂಣು ತಗೋವಾ" ಎಂದರು ಅಪ್ಪ. ಹತ್ತಿಯ ಹಣ ತಮ್ಮನ ಹಾಸ್ಟೆಲ್ಲಿಗೆಂದು ಎತ್ತಿಟ್ಟದ್ದು ಎಂಬುದು ಮನೆಮಂದಿಗೆಲ್ಲ ಗೊತ್ತು.

"ಎರಡ ದಿನಾ ತಡೀರಿ, ಅಪ್ಪಾ" ಎಂದಳು ಮಗಳು.

ಈ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಅವಳ ತೊಡಕು ಬೇಗ ತಿಳಿದೀತು. ಡಿಸ್ಕ್ ಎಂದರೆ ಹಗೇವು. ಬೇಕಾದಷ್ಟು ಹಿಡಿಯುತ್ತದೆ, ತೆಗೆಯುವುದು ಮಾತ್ರ ತಡ. ಮೆಮೊರಿ ಎಂದರೆ ಪಡಸಾಲೆ. ಕೆಲಸವೆಲ್ಲ ನಡೆಯುವುದು ಅಲ್ಲೇ. ಪಡಸಾಲೆ ತುಂಬಿದಾಗ ಸಾಮಾನನ್ನು ಹಗೇವಿಗೆ ಇಳಿಸಿ, ಬೇಕೆಂದಾಗ ಮತ್ತೆ ಎತ್ತಬೇಕು. ಇದಕ್ಕೆ ಸ್ವಾಪ್ ಎನ್ನುತ್ತಾರೆ. ಯಂತ್ರ ಏದುಸಿರು ಬಿಡುವುದು ಆಗಲೇ. ಇನ್ನು ವಿಂಡೋ ಮ್ಯಾನೇಜರ್ ಎಂಬುದು ಪಡಸಾಲೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವ ಹಿರಿಯ. ಯಂತ್ರ ನಿಧಾನವಾದಾಗ ಮೊದಲ ಬೈಗುಳ ಬೀಳುವುದು ಅವನಿಗೇ.

ಹುಡುಗಿಯೂ ಅಲ್ಲಿಂದಲೇ ಶುರು ಮಾಡಿದಳು. ತೆರೆಯ ಮೇಲೆ ನಾಲ್ಕು ಮೇಜುಗಳಿದ್ದವು (ವರ್ಕ್‌ಸ್ಪೇಸ್ ಎನ್ನುವರು). ಒಂದೇ ಸಾಕೆಂದು ಮೂರನ್ನು ತೆಗೆದಳು. ಮೆಮೊರಿ ಕದಲಲಿಲ್ಲ. ಕದಲುವುದಾದರೂ ಹೇಗೆ? ಯಾವ ಕಿಟಕಿ ಎಷ್ಟನೆಯ ಮೇಜಿನದು ಎಂಬ ಒಂದು ಅಂಕಿಯನ್ನಷ್ಟೇ ಆ ಹಿರಿಯ ನೆನಪಿಡುವುದು.

ಭಾರವಿದ್ದದ್ದು ಚಂದಗಾಣಿಸುವ ಕೆಲಸದಲ್ಲಿ. ನೆರಳು, ಪಾರದರ್ಶಕ ಅಂಚು ಮುಂತಾದವುಗಳಿಗಾಗಿ ಕಾಂಪೋಸಿಟರ್ ಎಂಬುದು ಪ್ರತಿ ಕಿಟಕಿಯ ಪೂರ್ಣ ಚಿತ್ರವನ್ನು ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಅವಳ ತೆರೆಯಲ್ಲಿ ಅಡ್ಡ 1366, ಉದ್ದ 768 ಚುಕ್ಕೆಗಳು. ಚುಕ್ಕೆಯೊಂದಕ್ಕೆ 4 ಬೈಟ್. ಗುಣಿಸಿದರೆ ತೆರೆ ತುಂಬುವ ಒಂದು ಕಿಟಕಿಗೆ ಸುಮಾರು 42 ಲಕ್ಷ ಬೈಟ್. ಹತ್ತು ಕಿಟಕಿ ತೆರೆದರೆ 4 ಕೋಟಿ ದಾಟಿತು! ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಯಂತ್ರದಲ್ಲಿ ಇದೂ ಅದೇ ಪಡಸಾಲೆಯ ಜಾಗ. ಸೆಟ್ಟಿಂಗ್ಸ್‌ನಲ್ಲಿ ಒಂದು ಗುರುತು ತೆಗೆದು ಕಾಂಪೋಸಿಟರನ್ನು ನಿಲ್ಲಿಸಿದಳು. ನೆರಳು ಹೋಯಿತು, ವಿಡಿಯೋ ಓಡುವಾಗ ಒಮ್ಮೊಮ್ಮೆ ಚಿತ್ರ ಅಡ್ಡಡ್ಡ ಹರಿದಂತೆ ಕಾಣತೊಡಗಿತು. ವರದಿ ಬರೆಯುವವಳಿಗೆ ಅದರಿಂದೇನು?

ಎರಡನೆಯ ಅಪರಾಧಿ ನವಿಲುತೀರ್ಥದ ಅಣೆಕಟ್ಟು. ಮೊಬೈಲಿನಲ್ಲಿ ತಾನೇ ತೆಗೆದ ಚಿತ್ರವನ್ನು ಹಿನ್ನೆಲೆಗೆ ಹಾಕಿದ್ದಳು. ಡಿಸ್ಕಿನಲ್ಲಿ ಅದು 4 ಎಂಬಿ, ಜೋಳದ ಚೀಲದ ಹಾಗೆ ಬಿಗಿದು ಕಟ್ಟಿದ್ದು. ಬಿಚ್ಚಿದರೆ 4000ಕ್ಕೆ 3000, ಎಂದರೆ ಒಂದು ಕೋಟಿ 20 ಲಕ್ಷ ಚುಕ್ಕೆ; 4 ಕೋಟಿ 80 ಲಕ್ಷ ಬೈಟ್. ಚಿತ್ರವನ್ನು ತೆರೆಯ ಅಳತೆಗೆ ಕುಗ್ಗಿಸಿ ಮತ್ತೆ ಹಾಕಿದಳು. ಅಣೆಕಟ್ಟು ಮೊದಲಿನ ಹಾಗೆಯೇ ಕಂಡಿತು.

ಲೆಕ್ಕ ನೋಡುವುದರಲ್ಲೂ ಒಂದು ಮೋಸವಿದೆ. ಓಣಿಯ ಬಾವಿಯನ್ನು ಪ್ರತಿ ಮನೆಯವರೂ ನಮ್ಮದೆಂದು ಬರೆಸಿದರೆ ಒಂದು ಬಾವಿ ಹತ್ತಾಗುತ್ತದಷ್ಟೆ? ಹಲವು ತಂತ್ರಾಂಶಗಳು ಹಂಚಿಕೊಂಡ ಲೈಬ್ರರಿಗಳನ್ನು ಸಾಮಾನ್ಯ ಪಟ್ಟಿಗಳು ಹಾಗೆಯೇ ಎಣಿಸುತ್ತವೆ. 'ಫ್ರೀ' ಎಂಬ ಅಂಕಣ ಚಿಕ್ಕದಾಗಿ ಕಂಡರೂ ಗಾಬರಿ ಬೇಡ. ಖಾಲಿ ಜಾಗದಲ್ಲಿ ಲಿನಕ್ಸ್ ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಂಡಿರುತ್ತದೆ, ಕೇಳಿದರೆ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು 'ಅವೈಲಬಲ್' ಎಂಬ ಅಂಕಣ.

ಈ ಉಳಿತಾಯ ಇಂದಿನ ಬಡವರ ಪಾಡು ಮಾತ್ರವಲ್ಲ. 1993ರಲ್ಲಿ ಅಮೆರಿಕದ ರಾಬರ್ಟ್ ನೇಷನ್ ಆಗಿನ ಟಿಡಬ್ಲ್ಯೂಎಂ ಎಂಬ ವಿಂಡೋ ಮ್ಯಾನೇಜರು ಮೆಮೊರಿ ಬಹಳ ತಿನ್ನುತ್ತದೆಂದು ಅದನ್ನೇ ತಿದ್ದಿ ಎಫ್‌ವಿಡಬ್ಲ್ಯೂಎಂ ಕಟ್ಟಿದ. ಗಿಗಾಬೈಟ್ ಮಾತು ಬಿಡಿ, ಮನೆಯ ಯಂತ್ರಗಳಲ್ಲಿ 4 ಎಂಬಿ, 8 ಎಂಬಿ ಮೆಮೊರಿ ಇದ್ದ ಕಾಲ ಅದು.

ಹುಡುಗಿ ಕೊನೆಗೆ ಹಿರಿಯನನ್ನೂ ಬದಲಿಸಿದಳು, ಓಪನ್‌ಬಾಕ್ಸ್ ಹಾಕಿದಳು. ಅದರಿಂದ ಉಳಿದದ್ದು ಅಲ್ಪ. ಬ್ಲೂಟೂತ್, ಪ್ರಿಂಟರ್, ಹವಾಮಾನ ಎಂದು ಕರೆಯದೆ ಬಂದು ಕೂತಿದ್ದ ಸೇವೆಗಳನ್ನು ನಿಲ್ಲಿಸಿದ್ದರಿಂದಲೇ ಹೆಚ್ಚು ಉಳಿಯಿತು. ಕನ್ನಡ ಟೈಪಿಸುವ ಐಬಸ್ಸನ್ನು ಮಾತ್ರ ಮುಟ್ಟಲಿಲ್ಲ. ಆದರೂ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಉಳಿಸಿದ್ದೆಲ್ಲ ಹೊಳೆಯ ಪಾಲು. ಹಾಗಾಗಿ ಬರೆಯುವಾಗ ಬ್ರೌಸರ್ ಮುಚ್ಚುವುದು, ಓದುವಾಗ ಒಂದೇ ಪುಟ ತೆರೆಯುವುದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ವರದಿ ಎರಡು ದಿನ ಮೊದಲೇ ಮುಗಿಯಿತು. ತಮ್ಮನ ಹಣ ಮುಟ್ಟುವ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಸುದ್ದಿ ರಾಮದುರ್ಗಕ್ಕೂ ಹೋಯಿತು. ಅಲ್ಲಿಂದ ಅತ್ತೆಯ ಫೋನ್ ಬಂತು: "ನಮ್ಮ ಹುಡುಗನ ಕಡೆ ಒಂದ ಜಿಬಿದ್ದ ಐತೆವಾ. ಅದಕ್ಕೇನರ ಮಾಡಾಕ ಬರ್ತೈತೇನ?"

"ಬಂದ ನೋಡ್ತೀನ್ರಿ ಅತ್ತಿ. ಬ್ರೌಸರದ್ದ ಕಷ್ಟ ಐತಿ" ಎಂದಳು.