ಕುತ್ತಿಗೆ ‘ಟಕ್’ ಅಂದ್ರೆ ನಿದ್ದೆ ಬರತ್ತಾ? (ರಾತ್ರಿ ಲೆಕ್ಕ, ಭಾಗ 4)

ಹಿಂದಿನ ಮೂರು ಭಾಗದಲ್ಲಿ ಟೀ, ಮೊಬೈಲ್ ಬೆಳಕು, ಹಾಸ್ಟೆಲ್ ಗಲಾಟೆ ಬಗ್ಗೆ ಬರೆದಿದ್ದೆ. ಆಮೇಲೆ ನಿಮ್ಮಲ್ಲಿ ತುಂಬ ಜನ ಕಳಿಸಿದ್ದು ಒಂದೇ ಥರದ ರೀಲ್ಸ್. ಒಬ್ಬರು ಮಲಗಿರ್ತಾರೆ, ಇನ್ನೊಬ್ಬರು ಅವರ ತಲೆ ಹಿಡಿದು ಪಟ್ಟನೆ ತಿರುಗಿಸ್ತಾರೆ, ‘ಟಕ್’ ಅಂತ ಸದ್ದು. ಕೆಳಗೆ ‘ನರ ಫ್ರೀ ಆಯ್ತು, ಇವತ್ತಿಂದ ಒಳ್ಳೆ ನಿದ್ದೆ’ ಅಂತ ಬರೆದಿರತ್ತೆ. ಇದು ನಿಜಾನಾ ಅಂತ ಕೇಳಿದ್ರಿ. ಇವತ್ತಿನ ಭಾಗ ಅದಕ್ಕೇ.

ನಂಗಿದು ಬರೀ ರೀಲ್ಸ್ ವಿಷಯ ಅಲ್ಲ. ನಾಲ್ಕನೇ ಸೆಮಿಸ್ಟರ್‌ನಲ್ಲಿ ನನ್ನ ನಿದ್ದೆ ಕೆಟ್ಟುಹೋಯ್ತು. ಹನ್ನೊಂದಕ್ಕೆ ಮಲಗಿದ್ರೆ ಎರಡು ಗಂಟೆವರೆಗೂ ಫ್ಯಾನ್ ನೋಡ್ತಾ ಬಿದ್ದಿರ್ತಿದ್ದೆ. ಊರಲ್ಲಿ ಅಮ್ಮನಿಗೆ ಗೊತ್ತಾಯ್ತು. ಅವರೂ ಇಂಥದ್ದೇ ಒಂದು ವಿಡಿಯೋ ನೋಡಿ, ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಫೋನ್ ಮಾಡಿ ವಿಚಾರಿಸಿಬಿಟ್ಟಿದ್ರು. ಹತ್ತು ಸಲದ ಪ್ಯಾಕೇಜು, 15,000 ರೂಪಾಯಿ, ಮೊದಲೇ ಕಟ್ಟಬೇಕು. ‘ಚೀಟಿ ಎತ್ತಿದೀನಿ ಕಂದ, ನೀನು ಚೆನ್ನಾಗಿ ಮಲಗಿದ್ರೆ ಸಾಕು’ ಅಂದ್ರು. ಆ ಚೀಟಿ ಅಮ್ಮ ಒಂದೂವರೆ ವರ್ಷ ಬ್ಲೌಸ್ ಹೊಲಿದು ಕಟ್ಟಿದ್ದು. ಹೂಂ ಅನ್ನೋ ಮುಂಚೆ ಓದೋಕೆ ಕೂತೆ. ನಾವು ಕಾಮರ್ಸ್‌ನವರು, ವೋಚರ್ ನೋಡದೆ ಎಂಟ್ರಿ ಹಾಕಲ್ಲ ಅಲ್ವಾ.

ಮೊದಲು ನಿದ್ದೆ ಹೇಗೆ ಬರತ್ತೆ ನೋಡಿ. ನಾವು ಎದ್ದಿರೋವಷ್ಟು ಹೊತ್ತೂ ಮೆದುಳಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗತ್ತೆ, ಅಂಗಡಿ ಬಾಕಿ ಬೆಳೆದ ಹಾಗೆ. ಮಲಗಿದಾಗ ಅದು ತೀರತ್ತೆ. ಕಾಫಿ, ಟೀ ಈ ಬಾಕಿ ತೀರಿಸಲ್ಲ, ಬಿಲ್ ಕಣ್ಣಿಗೆ ಬೀಳದ ಹಾಗೆ ಮುಚ್ಚಿಡತ್ತೆ ಅಷ್ಟೇ. ಇದರ ಜೊತೆಗೆ ಮೆದುಳಿನ ಹೈಪೋಥಲಾಮಸ್‌ನಲ್ಲಿ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗಡಿಯಾರ ಇದೆ. ಕಣ್ಣಿಗೆ ಬೀಳೋ ಬೆಳಕಿನ ಪ್ರಕಾರ ಅದು ಹಗಲು ರಾತ್ರಿ ಹೊಂದಿಸತ್ತೆ. ಜೀವಕೋಶದ ಒಳಗೆ ಇಂಥ ಗಡಿಯಾರ ಹೇಗೆ ನಡೆಯತ್ತೆ ಅಂತ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಇವೆರಡೂ ಸರಿ ಇದ್ರೂ ನಿದ್ದೆ ಬರದೇ ಇರಬಹುದು. ಯಾಕಂದ್ರೆ ನಮ್ಮ ಮಾತು ಕೇಳದೆ ತಾನೇ ಕೆಲಸ ಮಾಡೋ ಇನ್ನೊಂದು ನರವ್ಯವಸ್ಥೆ ಇದೆ. ಅದರಲ್ಲಿ ಎರಡು ಭಾಗ. ಅಪಾಯ ಬಂದಾಗ ದೇಹವನ್ನ ಓಡೋಕೆ ರೆಡಿ ಮಾಡೋದು ಸಿಂಪಥೆಟಿಕ್. ಊಟ ಅರಗಿಸಿ, ಎದೆಬಡಿತ ಇಳಿಸಿ, ವಿಶ್ರಾಂತಿಗೆ ತರೋದು ಪ್ಯಾರಾಸಿಂಪಥೆಟಿಕ್. ತೊಂದರೆ ಏನಂದ್ರೆ, ಬೀದಿನಾಯಿ ಅಟ್ಟಿಸಿಕೊಂಡು ಬಂದ್ರೂ ಸಿಂಪಥೆಟಿಕ್ ಏಳತ್ತೆ, ನಾಳೆ ಇಂಟರ್ನಲ್ಸ್ ಇದೆ ಅಂದ್ಕೊಂಡ್ರೂ ಏಳತ್ತೆ. ‘ಅಯ್ಯೋ ಒಂದು ಗಂಟೆ ಆಯ್ತು, ಇನ್ನೂ ನಿದ್ದೆ ಬಂದಿಲ್ಲ’ ಅನ್ನೋ ಯೋಚನೆಗೂ ಏಳತ್ತೆ. ತಿಂಗಳುಗಟ್ಟಲೆ ಹೀಗಾದ್ರೆ, ಹಾಸಿಗೆ ಅಂದ್ರೆ ಎದ್ದಿರೋ ಜಾಗ ಅಂತ ಮೆದುಳು ಕಲಿತುಬಿಡತ್ತೆ. ನನ್ನಂಥ ಎಷ್ಟೋ ಜನರ ನಿದ್ದೆ ಸಿಕ್ಕಿಹಾಕ್ಕೊಂಡಿರೋದು ಈ ಕಲಿಕೆಯಲ್ಲಿ, ಮೂಳೆಯಲ್ಲಿ ಅಲ್ಲ.

ಹಾಗಾದ್ರೆ ಮೂಳೆ ಕಥೆ ಎಲ್ಲಿಂದ ಬಂತು? ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿಂದ. 1895ರಲ್ಲಿ ಡಿ.ಡಿ. ಪಾಮರ್ ಅನ್ನೋರು, ಕಿವಿ ಸರಿಯಾಗಿ ಕೇಳಿಸದ ಒಬ್ಬರ ಬೆನ್ನುಮೂಳೆಯ ಮಣಿ ಒತ್ತಿ ಸರಿ ಮಾಡಿದೆ, ಅವರಿಗೆ ಕಿವಿ ಕೇಳಿಸ್ತು ಅಂದ್ರು. ಕೈರೋಪ್ರಾಕ್ಟಿಕ್ ಶುರುವಾಗಿದ್ದು ಅಲ್ಲಿಂದ. ಮಣಿ ಜರುಗಿ ನರ ಒತ್ತತ್ತೆ, ಅದರಿಂದಲೇ ರೋಗ ಬರತ್ತೆ ಅನ್ನೋದು ಅವರ ವಾದ. ಆದ್ರೆ ಕಿವಿಯ ನರ ತಲೆಬುರುಡೆಯೊಳಗೇ ಕಿವಿಯಿಂದ ಮೆದುಳಿಗೆ ಹೋಗತ್ತೆ, ಬೆನ್ನುಮೂಳೆ ಕಡೆ ಬರೋದೇ ಇಲ್ಲ.

ನಿದ್ದೆ ರೀಲ್ಸ್‌ನಲ್ಲಿ ಹೇಳೋ ವೇಗಸ್ ನರದ ಕಥೆಯೂ ಹೀಗೇ. ವಿಶ್ರಾಂತಿ ಕಡೆಯ ಮುಖ್ಯ ನರ ಅದು, ನಿಜ. ಆದ್ರೆ ಅದು ಬುರುಡೆಯ ಬುಡದಿಂದ ಹೊರಬಂದು, ಕುತ್ತಿಗೆಯ ದೊಡ್ಡ ರಕ್ತನಾಳದ ಪಕ್ಕದಲ್ಲಿ ಇಳಿದು, ಎದೆ ಹೊಟ್ಟೆಗೆ ಹೋಗತ್ತೆ. ಕುತ್ತಿಗೆಯ ಮಣಿಗಳ ಸಂದಿಯಿಂದ ಹೊರಗೆ ಬರೋ ನರ ಅಲ್ಲ. ಮತ್ತೆ ಆ ‘ಟಕ್’? ಅಜ್ಜಿ ದೃಷ್ಟಿ ತೆಗೆದು ಲಟಿಕೆ ಮುರಿತಾರಲ್ಲ, ಅದೇ ಸದ್ದು. ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗೋದ್ರಿಂದ ಬರೋದು. ಯಾವ ಮೂಳೆನೂ ಜಾಗಕ್ಕೆ ಬಂದು ಕೂತಿರಲ್ಲ.

ಇನ್ನೊಂದು ಕಡೆನೂ ಹೇಳಬೇಕು. ಸೊಂಟನೋವಿಗೆ ಬೆನ್ನುಮೂಳೆ ಒತ್ತಿ ಸರಿಸೋ ಚಿಕಿತ್ಸೆಯೂ ಒಂದು ದಾರಿ ಅಂತ ಅಮೆರಿಕದ ವೈದ್ಯರ ಸಂಘ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, 2017ರಲ್ಲಿ ಹೇಳಿದೆ. ನೋವಿನಿಂದ ಎಚ್ಚರ ಆಗೋರಿಗೆ ನೋವು ಕಡಿಮೆ ಆದ್ರೆ ನಿದ್ದೆಗೂ ಅನುಕೂಲ ಆಗಬಹುದು. ಯಾರೋ ಅರ್ಧ ಗಂಟೆ ನಮ್ಮ ಕಷ್ಟ ಕೇಳಿ, ಮೈ ಮುಟ್ಟಿ ನೋಡಿದಾಗ ಹಗುರ ಅನ್ಸೋದೂ ಸುಳ್ಳಲ್ಲ. ಆದ್ರೆ ಕುತ್ತಿಗೆ ತಿರುಗಿಸೋದ್ರಿಂದ ನಿದ್ರಾಹೀನತೆ ವಾಸಿ ಆಗತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಅಪರೂಪಕ್ಕಾದ್ರೂ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗಿರೋದು ಉಂಟು. ಈ ಸಂಬಂಧದ ಬಗ್ಗೆ ರೋಗಿಗಳಿಗೆ ಮೊದಲೇ ಹೇಳಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲೇ ಹೇಳಿದೆ. ಕಟಿಂಗ್ ಶಾಪ್‌ನಲ್ಲಿ ಮಸಾಜ್ ಆದ್ಮೇಲೆ ಕುತ್ತಿಗೆ ತಿರುಗಿಸೋಕೆ ಬಂದ್ರೂ ‘ಅಣ್ಣ, ಅದೊಂದು ಬೇಡ’ ಅನ್ನಿ.

ಪುರಾವೆ ಇರೋದು ಬೇರೆ ಕಡೆ. ಬಹಳ ದಿನದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿ.ಬಿ.ಟಿ.-ಐ ಕೊಡಿ ಅಂತ ಅದೇ ವೈದ್ಯರ ಸಂಘ 2016ರಲ್ಲಿ ಹೇಳಿತ್ತು. ಅಂದ್ರೆ ಮೆದುಳು ಕಲಿತಿದ್ದನ್ನ ಬಿಡಿಸೋ ಚಿಕಿತ್ಸೆ. ಪೂರ್ತಿ ಮಾಡೋಕೆ ತಿಳಿದವರ ಸಹಾಯ ಬೇಕು, ಕೆಲವು ಹೆಜ್ಜೆ ಇವತ್ತೇ ಶುರು ಮಾಡಬಹುದು:

• ರಾತ್ರಿ ಎಷ್ಟು ಹೊತ್ತಿಗೇ ಮಲಗಿ, ಬೆಳಗ್ಗೆ ಏಳೋ ಟೈಮ್ ಒಂದೇ ಇರಲಿ. ಭಾನುವಾರನೂ.
• ಹಾಸಿಗೆ ಮೇಲೆ ಓದೋದು, ತಿನ್ನೋದು, ಸ್ಕ್ರೋಲ್ ಮಾಡೋದು ಬೇಡ.
• ಇಪ್ಪತ್ತು ನಿಮಿಷ ಆದ್ರೂ ನಿದ್ದೆ ಬರಲಿಲ್ವಾ? ಎದ್ದು ಹೊರಗೆ ಮಂದ ಬೆಳಕಲ್ಲಿ ಕೂತ್ಕೊಳ್ಳಿ. ಕಣ್ಣು ಎಳೆದಾಗ ವಾಪಸ್ ಬನ್ನಿ. ಗಡಿಯಾರ ನೋಡ್ಬೇಡಿ, ಅಂದಾಜು ಸಾಕು.
• ಉಸಿರು ನಿಧಾನವಾಗಿ, ಉದ್ದಕ್ಕೆ ಬಿಡಿ. ಉಸಿರು ಬಿಡುವಾಗ ಎದೆಬಡಿತ ಇಳಿಯತ್ತೆ, ಅದು ವೇಗಸ್ ನರದ ಕೆಲಸ. ಪ್ಯಾಕೇಜ್ ಬೇಕಿಲ್ಲ.

ನಾನು ಹಾಸ್ಟೆಲ್ ಕಾರಿಡಾರ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಇದನ್ನೇ ಮಾಡಿದೆ. ಮೊದಲ ವಾರ ಇನ್ನೂ ಸುಸ್ತು, ಕ್ಲಾಸಲ್ಲಿ ತೂಕಡಿಕೆ. ಮೂರನೇ ವಾರದಿಂದ ಹೆಚ್ಚಿನ ದಿನ ಹನ್ನೆರಡೂವರೆ ಒಳಗೆ ನಿದ್ದೆ ಬರ್ತಿದೆ. ಕೆಲವು ರಾತ್ರಿ ಈಗಲೂ ಬರಲ್ಲ.

ಅಮ್ಮನಿಗೆ ಬೇಡ ಅನ್ನೋದು ಇದಕ್ಕಿಂತ ಕಷ್ಟ ಆಯ್ತು. ‘ದುಡ್ಡಿನ ಯೋಚನೆ ನಿಂಗ್ಯಾಕೆ’ ಅಂತ ಬೇಜಾರು ಮಾಡ್ಕೊಂಡ್ರು. ರಜಕ್ಕೆ ಊರಿಗೆ ಹೋದಾಗ ಹೊಲಿಗೆ ಪುಸ್ತಕದ ಹಿಂದಿನ ಹಾಳೆಯಲ್ಲಿ ವೇಗಸ್ ನರ ಬರೆದು ತೋರಿಸಿದೆ. ಸುಮ್ನೆ ನೋಡಿದ್ರು. ಆಮೇಲೆ, ‘ನಂಗೂ ಮೂರು ಗಂಟೆಗೆ ಎಚ್ಚರ ಆಗತ್ತೆ ಕಣೋ, ಸೊಂಟ ಹಿಡ್ಕೊಳ್ಳತ್ತೆ’ ಅಂದ್ರು. ಎಷ್ಟು ವರ್ಷದಿಂದ ಮಿಷನ್ ಮುಂದೆ ಬಗ್ಗಿ ಕೂತಿದ್ದಾರೆ, ಅವತ್ತಿನವರೆಗೂ ಒಂದು ಮಾತು ಹೇಳಿರಲಿಲ್ಲ. ಚೀಟಿ ದುಡ್ಡಲ್ಲಿ ಸ್ವಲ್ಪ ಅಮ್ಮನ ಫಿಸಿಯೋಥೆರಪಿಗೆ ಹೋಯ್ತು. ಉಳಿದದ್ದು ಬ್ಯಾಂಕಲ್ಲಿದೆ.

ಕೊನೇದಾಗಿ ಒಂದು ಅಳತೆ ನೆನಪಿಡಿ: ವಾರಕ್ಕೆ ಮೂರು ರಾತ್ರಿ, ಮೂರು ತಿಂಗಳು. ಅಷ್ಟು ದಿನ ನಿದ್ದೆ ಇಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಜೋರು ಗೊರಕೆ ಮಧ್ಯೆ ಉಸಿರು ನಿಲ್ಲೋರು ಅಷ್ಟು ದಿನ ಕಾಯೋದೂ ಬೇಡ. ಮನಸ್ಸು ತೀರಾ ಕುಗ್ಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಮುಂದಿನ ಭಾಗ ನೈಟ್ ಶಿಫ್ಟ್ ಮಾಡ್ಕೊಂಡು ಕಾಲೇಜಿಗೆ ಬರೋ ನಮ್ಮ ಕ್ಲಾಸಿನವರ ಬಗ್ಗೆ. ಅಷ್ಟರಲ್ಲಿ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳ್ತೀರಲ್ಲ, ಜೊತೆಗೆ ನಿದ್ದೆ ಬರತ್ತಾ ಅಂತಾನೂ ಕೇಳಿ ನೋಡಿ.